ಅಡಿಕೆ ಸುಲಿಯುವ ಚಪ್ಪರದಿಂದ ಫಿಲ್ಮ್ ಸ್ಕೂಲಿಗೆ

ನಮ್ಮದು ಸಾಗರದ ಕಡೆಯ ಅಡಿಕೆ ಮನೆ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ದಿನಗಳಲ್ಲಿ ರಾತ್ರಿ ಹತ್ತು ಹನ್ನೆರಡು ಮಂದಿ ಚಪ್ಪರದಡಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ನಿದ್ದೆ ಬಾರದಿರಲೆಂದು ಅಮ್ಮಮ್ಮ ಕತೆ ಹೇಳುತ್ತಿದ್ದಳು. ಯಾರ ಕತ್ತಿಯ ಸದ್ದು ನಿಧಾನವಾದರೂ ಅವಳಿಗೆ ತಿಳಿಯುತ್ತಿತ್ತು. ರಾಕ್ಷಸ ಬಾಗಿಲು ತಟ್ಟುವಲ್ಲಿಗೆ ಸರಿಯಾಗಿ ಮಾತು ನಿಲ್ಲಿಸಿ, ಅಡಿಕೆಯ ಚೊಗರು ಹಿಡಿದು ಕಪ್ಪಾದ ಬೆರಳಿನಿಂದ ನನ್ನ ಮೊಣಕಾಲು ತಟ್ಟಿ, “ಕೂಸೇ, ಆಮೇಲೆ ಎಂತ ಆತು ಹೇಳು ನೋಡನ” ಅನ್ನುತ್ತಿದ್ದಳು. ತೂಕಡಿಸುತ್ತಿದ್ದವರೂ ತಲೆಯೆತ್ತುತ್ತಿದ್ದರು. ದೃಶ್ಯವನ್ನು ಎಲ್ಲಿ ಕತ್ತರಿಸಬೇಕೆಂಬ ಮೊದಲ ಪಾಠ ನನಗೆ ಆಗಿದ್ದು ಅಲ್ಲಿ.

ಹಾಗಾಗಿ ಫಿಲ್ಮ್ ಸ್ಕೂಲಿಗೆ ತಯಾರಿ ಹೇಗೆ ಎಂದು ಕೇಳುವವರಿಗೆ ನಾನು ಕ್ಯಾಮೆರಾ ಕೊಳ್ಳಿ ಅನ್ನುವುದಿಲ್ಲ. ಚಿಕ್ಕಂದಿನಲ್ಲಿ ಕೇಳಿದ ಒಂದು ಕತೆ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಇಷ್ಟನ್ನೇ ಇಟ್ಟುಕೊಂಡು ಮತ್ತೆ ಬರೆಯಿರಿ. “ಸೊಸೆಗೆ ಬೇಜಾರಾಯಿತು” ಎಂಬುದನ್ನು ಚಿತ್ರಿಸಲಾಗದು. “ಸೊಸೆ ಕಾವಲಿಯ ಮೇಲಿನ ದೋಸೆ ಬಿಟ್ಟು ಹಿತ್ತಿಲ ಬಾಗಿಲಿಗೆ ಹೋದಳು, ದೋಸೆ ಸೀದಿತು” ಎಂದರೆ ಚಿತ್ರಿಸಬಹುದು. ಒಂದೇ ಕತೆಯನ್ನು ನಾಲ್ಕೈದು ಸಲ ಹೀಗೆ ತಿದ್ದಿ. ಬೇಸರವಾಗುತ್ತದೆ, ಆದರೂ ಬಿಡಬೇಡಿ.

ಆಮೇಲೆ ಅದನ್ನು ಮೊಬೈಲಿನಲ್ಲಿ, ಒಂದೇ ಜಾಗದಲ್ಲಿ, ಮೂರು ನಿಮಿಷ ಮೀರದಂತೆ ತೆಗೆಯಿರಿ. ಮೊಬೈಲ್ ಅಡ್ಡ ಹಿಡಿಯಿರಿ. ಪರದೆಯನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಕಿಟಕಿಯ ಮುಂದೆ ಯಾರಾದರೂ ಹಾದುಹೋದಾಗಲೆಲ್ಲ ಚಿತ್ರ ಮಂಕಾಗುತ್ತ, ಮತ್ತೆ ಬೆಳಗಾಗುತ್ತ ಇರುತ್ತದೆ. ನನ್ನ ಮೊದಲ ಚಿತ್ರ ಕೆಟ್ಟಿದ್ದು ಶಬ್ದದಿಂದ. ಆಷಾಢದಲ್ಲಿ ತಗಡಿನ ಮಾಡಿನ ಕೆಳಗೆ ಶೂಟ್ ಮಾಡಿ, ಮನೆಗೆ ಬಂದು ಕೇಳಿದರೆ ಮಳೆಯ ಸದ್ದು ಬಿಟ್ಟು ಒಂದು ಮಾತೂ ಇಲ್ಲ. ಇನ್ನೊಂದು ಮೊಬೈಲನ್ನು ಮಾತಾಡುವವರ ಹತ್ತಿರವೇ ಬಚ್ಚಿಟ್ಟು ದನಿ ಹಿಡಿಯಿರಿ. ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಎಡಿಟಿಂಗಿನಲ್ಲಿ ಎರಡನ್ನೂ ಹೊಂದಿಸಬಹುದು. ಯಾರೂ ಮಾತಾಡದ ಕೋಣೆಯ ಸದ್ದನ್ನೂ ಅರ್ಧ ನಿಮಿಷ ಹಿಡಿದಿಟ್ಟುಕೊಳ್ಳಿ, ಮಾತಿನ ನಡುವಿನ ತೆರಪು ತುಂಬಲು ಬೇಕಾಗುತ್ತದೆ.

ಸಿನಿಮಾ ನೋಡಲು ಜೊತೆ ಬೇಕು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಒಟ್ಟಿಗೆ ಸಿನಿಮಾ ನೋಡುವವರ ಕೂಟವಾದ ನೀನಾಸಮ್ ಚಿತ್ರಸಮಾಜ ಹುಟ್ಟಿದ್ದು 1973ರಲ್ಲಿ. ಹತ್ತಿರದಲ್ಲಿ ಅಂಥದ್ದಿಲ್ಲದಿದ್ದರೆ ನಾಲ್ವರು ಗೆಳೆಯರೇ ಸಾಕು: ನೋಡಿ, ನಿಲ್ಲಿಸಿ, ಜಗಳವಾಡಿ.

ಶಾಲೆಗಳ ವಿಚಾರಕ್ಕೆ ಬಂದರೆ, ಪುಣೆಯ ಎಫ್‌ಟಿಐಐ (ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ) ಮತ್ತು ಕೋಲ್ಕತ್ತಾದ ಸತ್ಯಜಿತ್ ರೇ ಚಲನಚಿತ್ರ ಸಂಸ್ಥೆಯಲ್ಲಿ ನಿರ್ದೇಶನ ಕಲಿಯಲು ಮೊದಲು ಪದವಿ ಬೇಕು, ಯಾವ ವಿಷಯದ್ದಾದರೂ ಸರಿ. ನಿರ್ದೇಶಕ ಗಿರೀಶ ಕಾಸರವಳ್ಳಿಯವರು ಪುಣೆಗೆ ಹೋಗುವ ಮುಂಚೆ ಮಣಿಪಾಲದಲ್ಲಿ ಫಾರ್ಮಸಿ ಓದಿದವರು. ಕ್ಯಾಮೆರಾ ಅಥವಾ ಧ್ವನಿಯತ್ತ ಒಲವಿದ್ದರೆ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿರುವ ಸರ್ಕಾರಿ ಚಲನಚಿತ್ರ ಸಂಸ್ಥೆಯ ಡಿಪ್ಲೊಮಾ ನೋಡಿ. ಅದರ ಮೂಲ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಹೆಸರಾಂತ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಛಾಯಾಗ್ರಹಣ ಕಲಿತ ಜಾಗ. ಪರೀಕ್ಷೆಯ ಕ್ರಮ ಬದಲಾಗುತ್ತಿರುತ್ತದೆ, ಆಯಾ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ.

ಸಂದರ್ಶನಕ್ಕೆ ದೊಡ್ಡ ನಿರ್ದೇಶಕರ ಹೆಸರು ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ನಾನು ಹಾಗೆ ಹೋಗಿ, ಎರಡನೇ ಪ್ರಶ್ನೆಗೇ ತಡವರಿಸಿದೆ. ಮೂರನೆಯದು “ನಿಮ್ಮ ಊರಲ್ಲಿ ರಾತ್ರಿ ಏನು ಕೇಳಿಸುತ್ತದೆ?” ಎಂದಿತ್ತು. ಕತ್ತಿಯ ಸದ್ದಿನಿಂದ ಶುರುಮಾಡಿದವಳು ಹತ್ತು ನಿಮಿಷ ನಿಲ್ಲಿಸಲಿಲ್ಲ.

ಈ ಸುಗ್ಗಿಗೆ ಊರಿಗೆ ಹೋದಾಗ ಕತೆ ಹೇಳುವ ಹಿರಿಯರ ಪಕ್ಕ ಮೊಬೈಲ್ ಇಟ್ಟು ಕೂತುಕೊಳ್ಳಿ. ವಿಡಿಯೋ ಬೇಡ, ಕ್ಯಾಮೆರಾ ಕಂಡರೆ ಅವರ ಮಾತು ಬಿಗಿಯಾಗಿಬಿಡುತ್ತದೆ. ದನಿ ಸಾಕು.