ತುಳಸಿ ರಸಕ್ಕಿಂತ ಮೊದ್ಲು ಟೆಟ್ರಾಸೈಕ್ಲಿನ್ ಡಿಸ್ಕ್ ನೋಡಿ

ಮೈಕ್ರೋಬಯಾಲಜಿ ಪ್ರಾಜೆಕ್ಟ್ ಅಂದ್ರೆ ಬೇವು, ತುಳಸಿ, ಲಕ್ಕಿಸೊಪ್ಪು ಯಾವ್ದಾದ್ರೂ ಒಂದರ ಎಕ್ಸ್‌ಟ್ರಾಕ್ಟ್ ತೆಗೆದು ಬ್ಯಾಕ್ಟೀರಿಯಾ ಮೇಲೆ ಹಾಕಿ ನೋಡೋದು ಮಾಮೂಲಿ, ಪಕ್ಕದಲ್ಲಿ ಒಂದು ಟೆಟ್ರಾಸೈಕ್ಲಿನ್ ಡಿಸ್ಕೂ (ಆ ಆಂಟಿಬಯೋಟಿಕ್ ಹೀರಿಸಿದ ಪುಟ್ಟ ಕಾಗದದ ಬಿಲ್ಲೆ) ಇರುತ್ತೆ, ಯಾಕಪ್ಪಾ ಅಂದ್ರೆ "ಸ್ಟ್ಯಾಂಡರ್ಡ್ ಸರ್" ಅಂತಾರೆ ಅಷ್ಟೆ. ಅದು ರೇಸ್‌ಗೆ ನಿಲ್ಸಿರೋ ಕುದುರೆ ಅಲ್ಲ, ನಿಮ್ಮ ಪ್ಲೇಟ್ ನಂಬೋ ಹಾಗಿದೆಯಾ ಅಂತ ಹೇಳೋ ಸಾಕ್ಷಿ. ಗ್ರಾಂ ಪಾಸಿಟಿವ್, ನೆಗೆಟಿವ್ ಅನ್ನೋ ಬ್ಯಾಕ್ಟೀರಿಯಾದ ಎರಡು ದೊಡ್ಡ ಗುಂಪುಗಳ ಮೇಲೂ ಕೆಲ್ಸ ಮಾಡೋದ್ರಿಂದ ಒಂದೇ ಡಿಸ್ಕ್ ಎರಡಕ್ಕೂ ಸಾಕು.

ಮೊದ್ಲು ಮುಲ್ಲರ್ ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ) 4 ಮಿ.ಮೀ. ದಪ್ಪಕ್ಕೆ ಹುಯ್ಕೊಳ್ಳಿ. ದಪ್ಪ ಜಾಸ್ತಿಯಾದ್ರೆ ಝೋನ್, ಅಂದ್ರೆ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೀದೆ ಉಳಿಯೋ ಖಾಲಿ ವೃತ್ತ, ಚಿಕ್ಕದಾಗುತ್ತೆ. ಡಿಸ್ಕ್ ಡಬ್ಬಿನ ಫ್ರೀಜರ್‌ನಿಂದ ತೆಗೆದ ತಕ್ಷಣ ಬಿಚ್ಬೇಡಿ, ರೂಮ್ ಟೆಂಪರೇಚರ್‌ಗೆ ಬರ್ಲಿ, ಇಲ್ಲಾಂದ್ರೆ ಒಳಗೆ ನೀರು ಬೆವರಿ ಔಷಧಿ ಹಾಳಾಗುತ್ತೆ.

ಕಲ್ಚರ್‌ನ 0.5 ಮ್ಯಾಕ್‌ಫರ್ಲೆಂಡ್ (ದ್ರಾವಣ ಎಷ್ಟು ಮಬ್ಬಾಗಿದೆ ಅಂತ ಹೋಲಿಸೋ ಅಳತೆ) ಮಬ್ಬಿಗೆ ತನ್ನಿ, ಕಣ್ಣಂದಾಜು ಬೇಡ. ಸ್ವಾಬ್‌ನಲ್ಲಿ ಮೂರು ದಿಕ್ಕಿಗೆ ಸವರಿ, 15 ನಿಮಿಷದೊಳಗೆ 30 ಮೈಕ್ರೋಗ್ರಾಂ ಟೆಟ್ರಾಸೈಕ್ಲಿನ್ ಡಿಸ್ಕು, ಎಕ್ಸ್‌ಟ್ರಾಕ್ಟ್ ಡಿಸ್ಕು, ಜೊತೆಗೆ ಬರೀ ಸಾಲ್ವೆಂಟ್ ಹಾಕಿದ ಡಿಸ್ಕ್ ಒಂದು ಇಡಿ (ಇದನ್ನ ಮರೆಯೋರೇ ಜಾಸ್ತಿ, ಆಮೇಲೆ ಡಿಎಂಎಸ್‌ಒ ಅನ್ನೋ ಸಾಲ್ವೆಂಟ್ ಮಾಡಿದ ಕೆಲ್ಸನ ತುಳಸಿ ಲೆಕ್ಕಕ್ಕೆ ಬರೀತಾರೆ). ಒಂದ್ಸಲ ತಾಗಿದ ಡಿಸ್ಕ್ ಸರಿಸೋ ಹಾಗಿಲ್ಲ. ಪ್ಲೇಟ್ ಬೋರಲು ಹಾಕಿ 35 ಡಿಗ್ರಿಯಲ್ಲಿ 16ರಿಂದ 18 ಗಂಟೆ.

ಬೆಳಿಗ್ಗೆ ಸ್ಕೇಲ್ ಹಿಡಿದ್ರೆ ತುಳಸಿ ಕಡೆ ಆಮೇಲೆ ಹೋಗಿ. ಇ. ಕೋಲಿ ಎಟಿಸಿಸಿ 25922 (ಎಟಿಸಿಸಿ ನಂಬರ್ ಅಂದ್ರೆ ಪರೀಕ್ಷೆಗೆ ಬಳಸೋ ಸ್ಟ್ಯಾಂಡರ್ಡ್ ತಳಿಯ ಗುರುತು) ಆದ್ರೆ ಟೆಟ್ರಾಸೈಕ್ಲಿನ್ ಝೋನ್ 18ರಿಂದ 25 ಮಿ.ಮೀ., ಸ್ಟಾಫಿಲೋಕಾಕಸ್ ಆರಿಯಸ್ 25923 ಆದ್ರೆ 24ರಿಂದ 30 ಬರ್ಬೇಕು. 14 ಬಂತು ಅಂದ್ರೆ ಎಕ್ಸ್‌ಟ್ರಾಕ್ಟ್ ಅಳೆದು ಉಪಯೋಗ ಇಲ್ಲ, ಕಲ್ಚರ್ ಗಟ್ಟಿಯಾಗಿತ್ತೋ, ಡಿಸ್ಕ್ ಹಳೇದೋ, ಅಥವಾ ಅಗರ್‌ನಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಸ್ತಿಯೋ ಹುಡುಕಿ, ಯಾಕಂದ್ರೆ ಆ ಲೋಹಗಳು ಟೆಟ್ರಾಸೈಕ್ಲಿನ್‌ನ ಹಿಡ್ಕೊಂಡುಬಿಡ್ತವೆ, ಹಾಲಿನ ಜೊತೆ ಈ ಮಾತ್ರೆ ತಗೋಬೇಡಿ ಅನ್ನೋದೂ ಅದಕ್ಕೇ.

ಇನ್ನೊಂದು, "ತುಳಸಿ 20, ಟೆಟ್ರಾಸೈಕ್ಲಿನ್ 22, ಹೆಚ್ಚುಕಮ್ಮಿ ಸಮ" ಅಂತ ದಯವಿಟ್ಟು ಬರೀಬೇಡಿ. ಒಂದು ಕಡೆ 30 ಮೈಕ್ರೋಗ್ರಾಂ ಶುದ್ಧ ಔಷಧಿ, ಇನ್ನೊಂದು ಕಡೆ ಮಿಲಿಗ್ರಾಂಗಟ್ಟಲೆ ಕಚ್ಚಾ ರಸ, ಅಗರ್‌ನಲ್ಲಿ ಹರಡೋ ವೇಗಾನೂ ಬೇರೆ. ಖಾಲಿ ಝೋನ್ ಅಂದ್ರೆ ಬ್ಯಾಕ್ಟೀರಿಯಾ ಸತ್ತಿದೆ ಅಂತಾನೂ ಅಲ್ಲ, ಟೆಟ್ರಾಸೈಕ್ಲಿನ್ನೇ ಸಾಮಾನ್ಯವಾಗಿ ಪ್ರೋಟೀನ್ ತಯಾರಿ ತಡೆದು ಬೆಳವಣಿಗೆ ನಿಲ್ಸುತ್ತೆ ಅಷ್ಟೆ. ನಿಜವಾಗ್ಲೂ ಹೋಲಿಸ್ಬೇಕಾ, ಎರಡಕ್ಕೂ ಎಂಐಸಿ, ಅಂದ್ರೆ ಬೆಳವಣಿಗೆ ತಡೆಯೋಕೆ ಬೇಕಾದ ಕನಿಷ್ಠ ಸಾಂದ್ರತೆ ಎಷ್ಟು ಅನ್ನೋ ಪರೀಕ್ಷೆ, ಮಾಡಿ.

ಅಳೆದಾದ್ಮೇಲೆ ಪ್ಲೇಟ್ ಸೀದಾ ಕಸಕ್ಕೆ ಹಾಕ್ಬೇಡಿ, 121 ಡಿಗ್ರಿಯಲ್ಲಿ ಆಟೋಕ್ಲೇವ್ ಆಗ್ಲಿ.