ಕಿಸೆಯಲ್ಲಿ ಹಿಡಿಯೋ ಕ್ಯಾಮೆರಾದಲ್ಲಿ ಏಳು ಮದುವೆ

ಬಸವ ಜಯಂತಿಗೆ ಇನ್ನು ಹತ್ತು ಹನ್ನೊಂದು ದಿನ ಇತ್ತು. ಡೈರಿಯಲ್ಲಿ ಏಳು ಮದುವೆ ಬರೆದುಕೊಂಡಿದ್ದೆ. ಆಗಲೇ ನನ್ನ ಡಿಎಸ್‌ಎಲ್‌ಆರ್‌ನ ಶಟರ್ ಕೈಕೊಟ್ಟಿತು. ರಿಪೇರಿಗೆ ಒಂಬತ್ತು ಸಾವಿರ, ಕೈಗೆ ಬರೋದಕ್ಕೆ ಒಂದು ತಿಂಗಳು ಅಂದರು. ಬಾಡಿಗೆ ಕ್ಯಾಮೆರಾ ಸೀಸನ್‌ನಲ್ಲಿ ಸಿಗೋದೇ ಇಲ್ಲ, ಸಿಕ್ಕರೂ ದಿನಕ್ಕೆ ಸಾವಿರದ ಮೇಲೆ.

ಮನೆಯಲ್ಲಿ ಉಳಿದಿದ್ದು ಒಂದು ಕಾಂಪ್ಯಾಕ್ಟ್, ಅಂದರೆ ಕಿಸೆಯಲ್ಲಿ ಹಿಡಿಯೋ ಸಣ್ಣ ಕ್ಯಾಮೆರಾ. ಮಗಳ ಹುಟ್ಟುಹಬ್ಬಕ್ಕೆ ಅಂತ ಬೆಳಗಾವಿಯಲ್ಲಿ ಸೆಕೆಂಡ್‌ಹ್ಯಾಂಡ್ ತಂದಿದ್ದು. ಹನ್ನೊಂದೋ ಹನ್ನೊಂದೂವರೆಯೋ ಸಾವಿರ ಕೊಟ್ಟ ನೆನಪು. 10 ಮೆಗಾಪಿಕ್ಸೆಲ್, 1/1.7 ಇಂಚಿನ ಸೆನ್ಸರ್, ತಿರುಗೋ ಸ್ಕ್ರೀನ್, ಮೇಲೆ ಫ್ಲ್ಯಾಶ್ ಕೂರಿಸೋ ಹಾಟ್‌ಶೂ. ಆಮೇಲೆ ತಿದ್ದೋದಕ್ಕೆ ಅನುಕೂಲವಾಗೋ ರಾ ಫೈಲೂ ಬರುತ್ತದೆ. ಕ್ಯಾಮೆರಾ ಬಲ್ಲವರಿಗೆ ಯಾವುದು ಅಂತ ಗೊತ್ತಾಗಿರಬೇಕು.

ಮಹಾಲಿಂಗಪುರದ ಹಿರಿಯ ಫೋಟೋಗ್ರಾಫರ್ ಒಬ್ಬರಿಗೆ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. "ತಮ್ಮಾ, ಇದು ಗೋಳಗುಮ್ಮಟ ನೋಡಾಕ ಹೋಗೋ ಮಂದೀದು. ಮದಿವ್ಯಾಗ ಇದನ್ನ ಹಿಡ್ಕೊಂಡು ನಿಂತರ ಊಟಕ್ಕ ಬಂದಾನ ಅಂತಾರ" ಅಂದರು.

ಮೊದಲ ಮದುವೆ ಬನಹಟ್ಟಿಯಲ್ಲಿ. ಅವರು ಹೇಳಿದ್ದೇ ನಿಜವಾಯಿತು. ಕಲ್ಯಾಣ ಮಂಟಪದೊಳಗೆ ಕತ್ತಲು, ಬೆಳಕು ಜಾಸ್ತಿ ಹಿಡಿಯಲಿ ಅಂತ ಐಎಸ್‌ಒ 800 ಇಟ್ಟೆ. ಮುಖಗಳೆಲ್ಲ ರವೆ ಉದುರಿಸಿದ ಹಾಗೆ ಬಂದವು. ಅದಕ್ಕಿಂತ ದೊಡ್ಡ ಏಟು ತಾಳಿ ಕಟ್ಟುವಾಗ ಬಿತ್ತು. ಬಟನ್ ಒತ್ತಿದೆ, ಕ್ಯಾಮೆರಾ ಫೋಕಸ್ ಹುಡುಕುತ್ತಾ ಕೂತಿತು. ಅದು ಕ್ಲಿಕ್ ಅನ್ನೋ ಹೊತ್ತಿಗೆ ಮದುಮಗ ಕೈ ಇಳಿಸಿದ್ದ. ಸಿಕ್ಕಿದ್ದು ಅಯ್ಯನವರ ಮೊಣಕೈ. ಒಂಬತ್ತು ಸಾವಿರಕ್ಕೆ ಮಾತಾಗಿತ್ತು, ಎರಡು ಸಾವಿರ ಕಡಿಮೆ ಕೊಟ್ಟರು. ನಾನೂ ಬಾಯಿ ಬಿಡಲಿಲ್ಲ.

ಎರಡನೆಯದು ತೇರದಾಳದಲ್ಲಿ. ಅಲ್ಲಿ ಕ್ಯಾಮೆರಾನೇ ನಿಂತಿತು. ನಮ್ಮ ಕಡೆ ಅಕ್ಕಿಕಾಳು ಹೇಗೆ ಬೀಳುತ್ತವೆ ಗೊತ್ತಲ್ಲ, ಹಿಂದಿನ ಸಾಲಿನ ಹುಡುಗರು ಕವಣೆ ಬೀಸಿದ ಹಾಗೆ ಎಸೆಯುತ್ತಾರೆ. ಅರಿಶಿಣ ಹಚ್ಚಿದ ಒಂದು ಕಾಳು ಲೆನ್ಸಿನ ಕೊಳವೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಲೆನ್ಸ್ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕರ್ ಕರ್ ಅಂದು ಎರರ್ ತೋರಿಸಿ ಆಫ್ ಆಯಿತು. ಮದುಮಗಳ ಕಾಕಿಯ ಹತ್ತಿರ ಸೂಜಿ ಇಸಿದುಕೊಂಡು, ಅಡುಗೆ ಕೋಣೆ ಬಾಗಿಲಲ್ಲಿ ಕೂತು ಕಾಳು ತೆಗೆದೆ. ಇಪ್ಪತ್ತು ನಿಮಿಷ ಹೋಯಿತು. ಅಷ್ಟರಲ್ಲಿ ಬೀಗರ ಫೋಟೋಗೆ ಕರೆದು ಕರೆದು ಸಾಕಾಗಿದ್ದರು.

ಆವತ್ತೇ ಲೆನ್ಸಿನ ಸುತ್ತ ಕೂರೋ 58 ಎಂಎಂನ ಅಡಾಪ್ಟರ್ ಟ್ಯೂಬ್ ಆರ್ಡರ್ ಮಾಡಿದೆ. ಟ್ಯೂಬ್, ಅದರ ಬಾಯಿಗೆ ಗಾಜಿನ ಒಂದು ಯುವಿ ಫಿಲ್ಟರ್, ಎರಡೂ ಸೇರಿ ಐನೂರರ ಒಳಗೆ. ಲೆನ್ಸ್ ಒಳಗೇ ಓಡಾಡಿಕೊಂಡಿರುತ್ತದೆ. ಕಾಳು, ಗುಲಾಲು, ಅರಿಶಿಣದ ನೀರು ಯಾವುದೂ ಮುಟ್ಟೋದಿಲ್ಲ. ವ್ಯೂಫೈಂಡರ್‌ಗೆ ಟ್ಯೂಬ್ ಅಡ್ಡ ಬರುತ್ತದೆ, ಬರಲಿ.

ಇನ್ನು ತಾಳಿ. ಮೂರನೇ ಮದುವೆಯಿಂದ ಆಟೋಫೋಕಸ್ಸೇ ಬಿಟ್ಟೆ. ಜೂಮ್ ಪೂರ್ತಿ ವೈಡ್, ಲೆನ್ಸಿನ ಕಿಂಡಿ ಎಫ್ 4, ಮ್ಯಾನುಯಲ್ ಫೋಕಸ್ ಐದು ಅಡಿಗೆ. ಆಮೇಲೆ ಜೂಮ್ ಮುಟ್ಟೋದಿಲ್ಲ. ಸೆನ್ಸರ್ ಸಣ್ಣದು, ಲೆನ್ಸ್ ಅಲ್ಲಿ 6 ಎಂಎಂ ಅಷ್ಟೇ. ಹಾಗಾಗಿ ಎರಡೂವರೆ ಅಡಿಯಿಂದ ಹಿಡಿದು ಹಿಂದಿನ ಗೋಡೆ ಮೇಲಿನ ಹೆಸರಿನವರೆಗೂ ಎಲ್ಲ ಶಾರ್ಪ್. ಒತ್ತಿದ ತಕ್ಷಣ ಕ್ಲಿಕ್. ಅಂತರಪಟ ಸರಿಯೋದು, ಮೂರು ಗಂಟು, ಮೇಲಿಂದ ಬೀಳೋ ಕಾಳು, ಒಂದನ್ನೂ ಬಿಟ್ಟಿಲ್ಲ. ರಾ ಇಟ್ಟರೆ ಕಾರ್ಡಿಗೆ ಬರೆಯೋದು ನಿಧಾನ, ಆ ಎರಡು ನಿಮಿಷ ಮಾತ್ರ ಜೆಪೆಗ್. ವೈಡ್‌ನಲ್ಲಿ ಅಂಚಿಗೆ ನಿಂತವರು ದಪ್ಪ ಕಾಣುತ್ತಾರೆ. ಒಬ್ಬ ಅತ್ತೆಯವರಿಂದ ಬೈಸಿಕೊಂಡಿದ್ದೇನೆ.

ಉಡುಗೊರೆ ಕೊಡೋ ಆಯಾರದ ಗ್ರೂಪ್ ಫೋಟೋದಲ್ಲಂತೂ ಇದು ದೊಡ್ಡ ಕ್ಯಾಮೆರಾನೇ ಸೋಲಿಸಿತು. ಮೂರು ಸಾಲು ಜನರಿಗೆ ಮೊದಲು ಎಫ್ 8 ಇಡ್ತಿದ್ದೆ. ಈಗ ಎಫ್ 4 ಸಾಕು, ಕಿಂಡಿ ದೊಡ್ಡದಾಗಿದ್ದಕ್ಕೆ ಫ್ಲ್ಯಾಶ್ ಪವರ್ ನಾಲ್ಕನೇ ಒಂದು ಪಾಲಿಗೆ ಇಳಿಯಿತು. ಐಎಸ್‌ಒ 200 ದಾಟೋದಿಲ್ಲ. ಸಂಜೆವರೆಗೆ ಎರಡು ಸೆಟ್ ಸೆಲ್ ತಿನ್ನುತ್ತಿದ್ದ ಫ್ಲ್ಯಾಶಿಗೆ ಒಂದೇ ಸೆಟ್ ಸಾಕಾಯಿತು.

ಬಾದಾಮಿ ಬನಶಂಕರಿಯ ಮದುವೆ ನನಗೆ ತುಂಬಾ ಇಷ್ಟ. ಮಧ್ಯಾಹ್ನ ಒಂದು ಗಂಟೆ ಬಿಸಿಲು. ಹರಿದ್ರಾ ತೀರ್ಥದ ಸುತ್ತಲಿನ ಕಲ್ಲಿನ ಮಂಟಪದ ನೆರಳಲ್ಲಿ ಜೋಡಿಯನ್ನು ನಿಲ್ಲಿಸಿದೆ, ಹಿಂದೆ ಉರಿಯೋ ಆಕಾಶ. ಡಿಎಸ್‌ಎಲ್‌ಆರ್ ಆಗಿದ್ದರೆ ಫ್ಲ್ಯಾಶ್ ಜೊತೆ 1/200 ಸೆಕೆಂಡಿಗೆ ಕೈಕಟ್ಟಿ ನಿಲ್ಲಬೇಕಿತ್ತು. ಇದರದ್ದು ಲೆನ್ಸಿನೊಳಗೇ ತೆರೆದು ಮುಚ್ಚೋ ಲೀಫ್ ಶಟರ್, ಅದಕ್ಕೆ ಆ ಮಿತಿ ಇಲ್ಲ. 1/1000, ಎಫ್ 5.6, ಐಎಸ್‌ಒ 80. ಆಕಾಶ ನೀಲಿ ಬಂತು, ಮುಖ ಬೆಳ್ಳಗೆ ಬಂತು. ಮೊದಲ ಹತ್ತು ಫೋಟೋ ಕಪ್ಪಾಗಿದ್ದವು, ಅದನ್ನೂ ಹೇಳಬೇಕಲ್ಲ. ಫ್ಲ್ಯಾಶಿಗೆ ವೈರ್ ಇಲ್ಲದೆ ಸಿಗ್ನಲ್ ಕಳಿಸೋ ಅಗ್ಗದ ಟ್ರಿಗರ್ ಒಂಚೂರು ತಡ ಮಾಡುತ್ತದೆ, ಅಷ್ಟರಲ್ಲಿ ಶಟರ್ ಮುಚ್ಚಿರುತ್ತದೆ. ಟ್ರಿಗರ್ ಕಿತ್ತು ಕೇಬಲ್ ಹಾಕಿದ ಮೇಲೆ ಸರಿಯಾಯಿತು. ಕೇಬಲ್‌ಗೆ ಆರುನೂರು.

ಬಣ್ಣದ ಕಥೆ ಬೇರೆ. ಕೆಂಪು ಶಾಮಿಯಾನಾ ಕೆಳಗೆ ಎಲ್ಲರೂ ಟೊಮ್ಯಾಟೊ. ಬಿಳಿ ಹಿಡಿದು ವೈಟ್ ಬ್ಯಾಲೆನ್ಸ್ ಮಾಡೋಣ, ಬಣ್ಣ ಸರಿಹೋಗುತ್ತದೆ ಅಂತ ಮುಂದೆ ಕೂತ ಅಜ್ಜನ ಗಾಂಧಿ ಟೋಪಿ ಹಿಡಿದೆ. ಮದುಮಗಳು ಹಳದಿ ಬಂದಳು. "ಅರಿಷಿಣ ಇನ್ನೂ ತೊಳದಿಲ್ಲೇನ ರೀ?" ಅಂತ ಅವರ ಮನೆಯವರೇ ಕೇಳಿದರು. ಟೋಪಿಗೆ ನೀಲಿ ಹಾಕಿ ಒಗೆದಿದ್ದರು, ಕ್ಯಾಮೆರಾ ಆ ನೀಲಿಯನ್ನೇ ಬಿಳಿ ಅಂದುಕೊಂಡಿತು. ಈಗ ಬೇರೆ ಒಂದು ವಸ್ತು ಹಿಡಿಯುತ್ತೇನೆ, ಅಡುಗೆ ಮನೆಯಲ್ಲೇ ಸಿಗುತ್ತದೆ. ಏನು ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಇಳಕಲ್ ಸೀರೆಯ ಕೆಂಪು ಸೆರಗಿಗೆ ಮಾತ್ರ ಬೆಳಕಿನ ಲೆಕ್ಕ ತೋರಿಸೋ ಹಿಸ್ಟೋಗ್ರಾಂ ನಂಬಬೇಡಿ. ಅದು ಸರಿ ಇದೆ ಅಂತ ತೋರಿಸಿದರೂ ಕೆಂಪು ಸುಟ್ಟಿರುತ್ತದೆ, ಸೆರಗಿನ ತೆನೆ ಕಾಣೋದೇ ಇಲ್ಲ. ಎಕ್ಸ್‌ಪೋಷರ್ ಮೈನಸ್ 2/3 ಇಟ್ಟರೆ ನೇಯ್ಗೆ ಉಳಿಯುತ್ತದೆ.

ನಡುವೆ ಒಂದು ಆಟವನ್ನೂ ಆಡಿದೆ. ಬಿದಿರು ಗಳಕ್ಕೆ ಕ್ಯಾಮೆರಾ ಕಟ್ಟಿ, ಸ್ಕ್ರೀನ್ ಕೆಳಗೆ ತಿರುಗಿಸಿ, ಟೈಮರ್‌ನಲ್ಲಿ ಹತ್ತು ಫೋಟೋ ಇಟ್ಟು, ಅರಿಶಿಣ ಹಚ್ಚಿ ನೀರೆರೆಯೋ ಸುರಗಿ ಶಾಸ್ತ್ರವನ್ನು ಮೇಲಿಂದ ತೆಗೆದೆ. ನಾಲ್ಕು ಮೂಲೆಗೆ ತಂಬಿಗೆ, ಸುತ್ತಿದ ನೂಲು, ನಡುವೆ ಹಳದಿ ಜೋಡಿ. ಹತ್ತರಲ್ಲಿ ಎರಡು ಚೆನ್ನಾಗಿ ಬಂದವು. ಅದರಲ್ಲಿ ಒಂದು ಫೋಟೋ ನೋಡಿ ಮುಂದಿನ ಎರಡು ಆರ್ಡರ್ ಬಂದವು.

ಮಂದಿಗೆ ದೊಡ್ಡ ಕ್ಯಾಮೆರಾ ಕಾಣಬೇಕು, ಅಲ್ವಾ? ಕೆಟ್ಟ ಡಿಎಸ್‌ಎಲ್‌ಆರ್ ಅನ್ನು ಸುಮ್ನೆ ಕೊರಳಿಗೆ ಹಾಕಿಕೊಂಡು ಹೋಗುತ್ತಿದ್ದೆ. ಆಲ್ಬಮ್ ನೋಡಿದ ಒಬ್ಬ ಸೋದರಮಾವ ಬನಶಂಕರಿ ಫೋಟೋ ಮೇಲೆ ಬೆರಳಿಟ್ಟು "ದೊಡ್ಡ ಕ್ಯಾಮೆರಾದಾಗ ತಗದದ್ದ ಬ್ಯಾರೇನ ನೋಡ್ರಿ" ಅಂದರು. ಹೂಂ ರೀ ಅಂದೆ.

ಆಲ್ಬಮ್ 12-36 ಇಂಚಿನ ಶೀಟಿನದೇ. ಐಎಸ್‌ಒ 200ರ ಒಳಗಿನದು ಒಂದು ಪುಟ ತುಂಬಾ ನಿಲ್ಲುತ್ತದೆ. 400 ದಾಟಿದ್ದನ್ನು ಅಂಗೈಗಿಂತ ದೊಡ್ಡದು ಹಾಕಿಲ್ಲ. ಏಳು ಮದುವೆಗೆ ಸುಮಾರು ಅರವತ್ತು ಸಾವಿರ ಬಂತು. ಆಲ್ಬಮ್, ಓಡಾಟ, ಎರಡು ಡೂಪ್ಲಿಕೇಟ್ ಬ್ಯಾಟರಿ ಎಲ್ಲ ಕಳೆದು ಇಪ್ಪತ್ತರ ಮೇಲೆ ಉಳಿಯಿತು. ಡಿಎಸ್‌ಎಲ್‌ಆರ್ ಇನ್ನೂ ರಿಪೇರಿಗೆ ಕೊಟ್ಟಿಲ್ಲ.

ಹೋದ ವಾರ ಆ ಹಿರಿಯರು ಫೋನ್ ಮಾಡಿ ಟ್ಯೂಬಿನ ಸೈಜ್ ಕೇಳಿದರು. ಹೇಳಿದೆ. ಟೋಪಿ ಬದಲು ಏನು ಹಿಡಿತೀ ಅಂತಲೂ ಕೇಳಿದರು. ಕರೆಂಟ್ ಹೋತು ನೋಡ್ರಿ ಅಂತ ಫೋನ್ ಇಟ್ಟೆ.