ವರದಿಯಲ್ಲಿ ತಿಂಗಳ ಕೊನೆಯ ದಿನ ಕಾಣೆಯಾದಾಗ

ಕಲಬುರಗಿಯ ಬೇಳೆ ಮಿಲ್ಲೊಂದರ ತೊಗರಿ ಖರೀದಿ ಲೆಕ್ಕ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನಲ್ಲಿದೆ. ಜನವರಿಯ ವರದಿ ಮುನೀಮರ ಖಾತೆ ಪುಸ್ತಕಕ್ಕೆ ತಾಳೆಯಾಗಲಿಲ್ಲ. ‘31ರಂದು ಬಂದ ಚೀಲಗಳು ಎಲ್ಲಿ ಹೋದವು ಸರ್?’ ಎಂದು ಅವರು ಕೇಳಿದರು. ಸಮಸ್ಯೆಯ ಬೇರು ಆ ಪ್ರಶ್ನೆಯಲ್ಲೇ ಇತ್ತು.

ಡೇಟಾಬೇಸಿನಿಂದ ಮಾಹಿತಿ ಕೇಳುವ ಹಳೆಯ ಕ್ವೆರಿಯಲ್ಲಿ ‘ಬಿಟ್ವೀನ್’ ಬಳಸಿ 2025-01-01ರಿಂದ 2025-01-31ರವರೆಗೆ ಎಂದು ಬರೆಯಲಾಗಿತ್ತು. ಆದರೆ ದಿನಾಂಕದ ಕಾಲಂ ಸಮಯವನ್ನೂ ಇಟ್ಟುಕೊಳ್ಳುವ ಡೇಟ್‌ಟೈಮ್. ಸಮಯ ಕೊಡದಿದ್ದರೆ ಡೇಟಾಬೇಸ್ ಅದನ್ನು 00:00:00 ಎಂದೇ ಓದುತ್ತದೆ. ಹಾಗಾಗಿ 31ರ ಬೆಳಿಗ್ಗೆ 10 ಗಂಟೆಯ ತೂಕದ ಚೀಟಿ ಹೊರಗುಳಿಯುತ್ತದೆ. ಕೊನೆಯ ದಿನಾಂಕಕ್ಕೆ 23:59:59 ಸೇರಿಸುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಸೆಕೆಂಡಿನ ಭಾಗಗಳನ್ನೂ ದಾಖಲಿಸುವ ಕಾಲಂನಲ್ಲಿ ಅದೂ ಕೈಕೊಡುತ್ತದೆ.

ನಾನು ಹಾಕಿದ ಷರತ್ತು ಇಷ್ಟೇ: ದಿನಾಂಕ >= '2025-01-01' ಮತ್ತು ದಿನಾಂಕ < '2025-02-01'. ತಿಂಗಳಿಗೆ 28 ದಿನವೋ 31 ದಿನವೋ ಎಂಬ ಚಿಂತೆಯೂ ತಪ್ಪಿತು. ಕಾಲಂ ಅನ್ನು, ಸಮಯ ಬಿಟ್ಟು ದಿನಾಂಕವನ್ನಷ್ಟೇ ಕೊಡುವ ‘ಡೇಟ್’ ಫಂಕ್ಷನ್ನಿನೊಳಗೆ ಹಾಕಿದರೂ ಉತ್ತರ ಸರಿ ಬರುತ್ತದೆ, ಆದರೆ ಹುಡುಕಾಟವನ್ನು ಚುರುಕಾಗಿಸುವ, ಕಾಲಂ ಮೇಲಿನ ಸಾಮಾನ್ಯ ಇಂಡೆಕ್ಸಿನ ಲಾಭ ಸಿಗದೆ ದೊಡ್ಡ ಟೇಬಲ್ ತೆವಳುತ್ತದೆ.

ಇನ್ನೊಂದು ಮಾತು: 31/01/2025 ಎಂಬ ರೂಪವನ್ನು ವರದಿ ಮುದ್ರಿಸುವಾಗ ಮಾತ್ರ ಕೊಡಿ, ವಿಂಗಡಣೆಯನ್ನು ಮೂಲ ಕಾಲಂ ಮೇಲೆಯೇ ಮಾಡಿ. ಅಕ್ಷರಗಳಾಗಿ ವಿಂಗಡಿಸಿದರೆ 01/02/2025 ಅದಕ್ಕಿಂತ ಮೇಲೆ ಬಂದು ಕೂರುತ್ತದೆ.